ಬೇರಿಗಂಟಿದ ಮಣ್ಣು

ಇನ್ಕ್ಯುಬೇಟರಿನ ಬಾಗಿಲು ತೆರೆದದ್ದೇ ತಡ ಬೆಚ್ಚಗಿನ ವಾಸನೆ, ಹೊಸ ಮಳೆ ಬಿದ್ದ ಹೊಲದ್ದು, ಅಲ್ಲ, ಅದಕ್ಕಿಂತ ಚೂರು ಹುಳಿ — ಶಿವರಂಜಿನಿ ಮೂಗನ್ನು ಇನ್ನಷ್ಟು ಹತ್ತಿರ ತಂದಳು, ಹಾಗೆ ಮೂಸಬಾರದು ಅಂತ ಗೋಡೆಯ ಮೇಲೇ ಬರೆದಿದೆ, ಇರಲಿ, ಚಾಮರಾಜನಗರದ ಈ ಲ್ಯಾಬಿಗೆ ಸೇರಿ ನಾಲ್ಕೇ ತಿಂಗಳು, ರಾಗಿ ಬೇರಿನ ಸುತ್ತ ಬದುಕುವ ಬ್ಯಾಕ್ಟೀರಿಯಾ ಹುಡುಕುವುದೇ ಕೆಲಸ, ಮಣ್ಣಲ್ಲಿ ಕಲ್ಲಾಗಿ ಕೂತ ರಂಜಕವನ್ನು ಕರಗಿಸಿ ಬೇರಿಗೆ ಉಣಿಸುವಂಥವು, ಅವನ್ನು ಬೆಳೆಸುವ ಗಾಜಿನ ತಟ್ಟೆಯಲ್ಲಿ ರಂಜಕ ಬೆರೆಸಿದ ಪಾಕ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಕರಗಿಸುವವು ಇದ್ದರೆ ಅವುಗಳ ಸುತ್ತ ತಿಳಿಯಾಗುತ್ತದೆ, ಚಂದಕವಾಡಿಯ ಪುಟ್ಟಮಾದಮ್ಮನ ಹೊಲದ ಬೇರನ್ನು ಮೂರು ಸಲ ತಂದಳು, ಮೂರು ಸಲವೂ ಬರೀ ಬಿಳುಪು, ಅಲ್ಲೇನೂ ಇಲ್ಲಮ್ಮ, ಬೇಗೂರಿನ ಕಡೆ ನೋಡೋಣ ಅಂದರು ಲ್ಯಾಬಿನ ಮುಖ್ಯಸ್ಥ ರಾಜಶೇಖರ್ ಸರ್, ಪಟ್ಟಿಯಿಂದ ಆ ಹೊಲ ಹೊಡೆದೂ ಹಾಕಿದರು, ಆದರೆ ಏನೂ ಇಲ್ಲದಿದ್ದರೆ ಆ ಪೈರಿಗೆ ಅಷ್ಟು ಕಡುಹಸಿರು ಎಲ್ಲಿಂದ ಬಂತು, ಅದೇ ಮಳೆ ಕುಡಿದ ಪಕ್ಕದ ಹೊಲದ್ದು ಎಲೆತುದಿ ನೇರಳೆಗೆ ತಿರುಗಿ ಕುಳ್ಳಗೆ ನಿಂತಿರುವಾಗ, ಯಾರು ಉಣಿಸುತ್ತಿದ್ದಾರೆ ಇದಕ್ಕೆ, ಯಾರು —

ಹೋದ ಗುರುವಾರ ಸರ್‌ಗೆ ಹೇಳದೆ ಮತ್ತೆ ಚಂದಕವಾಡಿಯ ಬಸ್ಸು ಹತ್ತಿದ್ದಳು, ಒಂದು ಗಿಡ ಕಿತ್ತು, ಕೊಡವಿ, ಪಂಪಿನ ನೀರಿಗೆ ಹಿಡಿದು ಬೇರು ಉಜ್ಜುತ್ತಾಳೆ, ಎಂದಿನಂತೆ, ಚೊಕ್ಕವಾಗಿರಬೇಕಲ್ಲ, ಹಿಂದೆ ನಿಂತ ಪುಟ್ಟಮಾದಮ್ಮ ಅದ್ಯಾಕಮ್ಮಿ ಹಂಗುಜ್ತಿದ್ದೀಯೆ, ಬೇರ್ ಸುತ್ತ ಇರೋವ್ನ ಹುಡುಕ್ತೀನಿ ಅಂತೀಯೆ, ಸುತ್ತ ಇರೋದ್ನೆಲ್ಲ ನೀರಿಗೇ ಬುಡ್ತೀಯಲ್ಲ — ಕೈ ನಿಂತೇಬಿಟ್ಟಿತು, ಕೆಂಪು ನೀರು ಬದುವಿನತ್ತ ಹರಿದು ಹೋಗುತ್ತಿದೆ, ಮೂರು ಸಲವೂ ಹೀಗೇ, ಹುಡುಕುತ್ತಿದ್ದುದನ್ನು ತಾನೇ ತೊಳೆದು ಚೆಲ್ಲಿ, ಆಮೇಲೆ ಹೊಲದಲ್ಲಿ ಏನೂ ಇಲ್ಲ ಅಂತ ಬರೆದುಕೊಟ್ಟಳಲ್ಲ, ನೀವೇ ಒಂದು ಕಿತ್ಕೊಡಿ ಅವ್ವ ಅಂದಳು, ಮುದುಕಿ ಚೂಪು ಕಡ್ಡಿಯಿಂದ ಸುತ್ತಲ ನೆಲ ಸಡಿಲಿಸಿ ಮೆಲ್ಲಗೆ ಎತ್ತಿದಳು, ಬೇರಿಗೆ ಮೆತ್ತಿಕೊಂಡ ಮಣ್ಣು ಮೆತ್ತಿಕೊಂಡ ಹಾಗೇ, ತಗೊ ಓಗು, ಈ ಸಲ ಸ್ನಾನ ಮಾಡಿಸ್ಬ್ಯಾಡ.

ಆ ಮಣ್ಣು ಹಾಕಿದ ತಟ್ಟೆಯೇ ಈಗ ಇನ್ಕ್ಯುಬೇಟರಿನಿಂದ ಕೈಗೆ ಬಂದಿದೆ, ಇದರಲ್ಲಿ ಏನಾದರೂ ಬಂದಿರಲಿ ಬಿಡಲಿ ಸರ್‌ಗೆ ಹೇಳಲೇಬೇಕು, ತಪ್ಪು ಹೊಲದ್ದಲ್ಲ, ನಂದು, ಬೈತಾರೆ, ಬೈಯಲಿ, ಕೆಲಸ ಹೋದರೆ, ಅಯ್ಯೋ, ಆದರೂ ಹೆಂಗಿರಬಹುದು ಅವು, ಮೈಕ್ರೋಸ್ಕೋಪಿನ ಕೆಳಗೆ ಕಡ್ಡಿ ಕಡ್ಡಿಯಾಗೋ, ಗುಂಡಗೋ, ಈಜುತ್ತವೋ, ಇನ್ನೂ ಯಾರೂ ಹೆಸರಿಡದವೋ — ತಟ್ಟೆಯನ್ನು ಕಿಟಕಿಯ ಬಿಸಿಲಿಗೆ ಎತ್ತಿದಳು, ಬಿಳುಪು, ಬಿಳುಪು, ಅಂಚಿನಲ್ಲಿ ಎಳ್ಳುಕಾಳಿನಷ್ಟು ಹಳದಿ ಚುಕ್ಕಿ, ಚುಕ್ಕಿಯ ಸುತ್ತ ಉಂಗುರ, ತಿಳಿ ಉಂಗುರ, ಅದರಾಚೆ ಅವಳದೇ ಬೆರಳ ತುದಿ, ಗೆರೆ ಗೆರೆಯೂ ಕಾಣುವಷ್ಟು ತಿಳಿ