ಮುದ್ದೆಯ ಕೆಳಗಿನ ಚೂರು

ಹೊಸತೊಡಕಿನ ದಿನ ಬಾಡಿನ ಘಮ ಇಲ್ಲದ ಬೀದಿ ಕ್ಯಾತನಹಳ್ಳಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಯುಗಾದಿಯ ಹೋಳಿಗೆ ಅರಗುವ ಮೊದಲೇ, ಮಾರನೆಯ ಬೆಳಿಗ್ಗೆ ಗಂಡಸರು ಬ್ಯಾಗು ಹಿಡಿದು ಗುಡ್ಡೆ ಬಾಡಿಗೆ ಹೊರಡುತ್ತಾರೆ. ಹತ್ತಾರು ಮನೆಯವರು ಸೇರಿ ಮರಿ ಕಡಿದು, ತೊಡೆ, ಎದೆ, ಬೋಟಿ, ಮೂಳೆ ಎಲ್ಲವನ್ನೂ ಬಾಳೆ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಒಂದು ಗುಡ್ಡೆಗೆ ಒಂದು ಚೂರು ಹೆಚ್ಚು ಬಿತ್ತೋ, ಅದರ ಜಗಳ ಮುಂದಿನ ಯುಗಾದಿಯವರೆಗೂ ನಡೆಯುತ್ತದೆ. ಅಷ್ಟು ನ್ಯಾಯವಾಗಿ ಪಾಲಾದ ಬಾಡು ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ಯಾರಿಗೆ ಎಷ್ಟು ಎನ್ನುವುದು ಮಾತ್ರ ಸೌಟು ಹಿಡಿದವಳಿಗೆ ಬಿಟ್ಟಿದ್ದು.

ತಿಮ್ಮೇಶನ ಮನೆಯಲ್ಲಿ ಈ ಸಲ ಸೌಟು ಅವನ ಹೆಂಡತಿ ಅಂಬಿಕಳ ಕೈಗೆ ಬಂದಿತ್ತು. ಅತ್ತೆ ತಿಮ್ಮಮ್ಮ ತೀರಿಕೊಂಡು, ವರ್ಷದ ಕಾರ್ಯವೂ ಮುಗಿದು ಬಂದ ಮೊದಲ ಹೊಸತೊಡಕು ಅದು. ತಿಮ್ಮೇಶನ ತಂಗಿ ರಂಜಿತ ಏಳು ವರ್ಷದ ಮಗಳು ಇಂಚರಳನ್ನು ಕರೆದುಕೊಂಡು ಹೊಣಕೆರೆಯಿಂದ ಬರುವವಳಿದ್ದಳು.

"ಅವ್ವ ಇಲ್ಲ ಅಂತ ಅವಳಿಗೆ ಅನ್ನುಸ್ಬಾರ್ದು ಕಣೆ" ಎಂದು ತಿಮ್ಮೇಶ ಹಿಂದಿನ ದಿನವೇ ಹೇಳಿದ್ದ.

"ಅಷ್ಟೂ ತಿಳಿಯಕಿಲ್ವ ನಂಗೆ?" ಎಂದು ಅಂಬಿಕ ಸಿಡುಕಿದ್ದಳು.

ತಿಳಿಯದೇ ಏನು! ತಾಯಿ ಹೋದ ಮೇಲೆ ಹೆಣ್ಣುಮಗಳಿಗೆ ತವರು ಉಳಿದಿದೆಯೋ ಇಲ್ಲವೋ ಎನ್ನುವುದು ಅತ್ತಿಗೆ ಬಡಿಸುವಾಗ ಗೊತ್ತಾಗುತ್ತದೆ. ಅಂಬಿಕಳಿಗೂ ತವರಿನಲ್ಲಿ ಒಬ್ಬ ಅತ್ತಿಗೆ ಇದ್ದಳು. ಅವಳು ಬಡಿಸುವ ವೈಖರಿ ನೋಡಿಯೇ ಅಂಬಿಕ ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದ್ದಳು.

ತಿಮ್ಮಮ್ಮ ಬಡಿಸುತ್ತಿದ್ದ ರೀತಿಯೇ ಬೇರೆ. ಅಂಬಿಕ ಮದುವೆಯಾಗಿ ಬಂದ ಹೊಸತರಲ್ಲಿ, ಗಂಡಸರು ಮಕ್ಕಳು ನೆಂಟರು ಎಲ್ಲ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಸಾರು, ಮೂಳೆ ಅಷ್ಟೇ ಉಳಿಯುತ್ತಿತ್ತು. ಹೊಸ ಸೊಸೆ ಬಾಯಿಬಿಟ್ಟು ಕೇಳುವುದುಂಟೇ? ಸುಮ್ಮನೆ ಮುದ್ದೆ ಮುರಿದರೆ, ಅದರ ತಳದಲ್ಲಿ ಬಿಸಿ ಆರದ ನಾಲ್ಕು ಮೆತ್ತನೆ ಚೂರು ಇರುತ್ತಿದ್ದವು. ತಲೆಯೆತ್ತಿ ನೋಡಿದರೆ ಅತ್ತೆ ಬೇರೆಲ್ಲೋ ನೋಡುತ್ತ, "ಉಣ್ಣವ್ವ, ಆರೋಗ್ತದೆ" ಎನ್ನುತ್ತಿದ್ದಳು. ಆ ರುಚಿ ಅಂಬಿಕಳಿಗೆ ಈಗಲೂ ನೆನಪಿದೆ. ನೆನಪಿದ್ದೂ ಈ ಹಬ್ಬದಲ್ಲಿ ಅವಳು ಇಂಥ ಕೆಲಸ ಮಾಡಿದಳಲ್ಲ, ಅದೇ ಸೋಜಿಗ.

ಗುಡ್ಡೆಯಲ್ಲಿ ಲಿವರು ಒಂದು ಹಿಡಿಯಷ್ಟು ಬಂದಿತ್ತು. ಉಪ್ಪು ಮೆಣಸು ಹಾಕಿ ಹುರಿದರೆ ಅದು ಇನ್ನಷ್ಟು ಕುಗ್ಗಿತು. ಐದು ವರ್ಷದ ಮಗ ಚೈತನ್ಯ ಬೆಳಗಿನಿಂದ ಅವಳ ಸೀರೆ ಹಿಡಿದುಕೊಂಡು "ಅಮ್ಮ, ನಂಗೆ ಲಿವರು" ಎಂದು ಜಪ ಮಾಡುತ್ತಿದ್ದ. ಇಬ್ಬರು ಮಕ್ಕಳಿಗೂ ಹಂಚಬಹುದಿತ್ತು. ಆದರೆ ಚೈತುವಿಗೆ ಹೋದ ತಿಂಗಳು ಜ್ವರ ಬಂದಿತ್ತಲ್ಲ, ಭುಜದ ಮೂಳೆ ಕಾಣುತ್ತಿದೆಯಲ್ಲ, ಇಂಚರ ಗುಂಡುಗುಂಡಾಗಿಯೇ ಇದ್ದಾಳಲ್ಲ. ಹೆತ್ತವಳಿಗೆ ನೆಪಕ್ಕೇನು ಬರ? ಅಂಬಿಕ ಮಗನ ತಟ್ಟೆಯ ತಳಕ್ಕೆ ಲಿವರನ್ನೆಲ್ಲ ಸುರಿದು, ಅದರ ಮೇಲೆ ಮುದ್ದೆ ಕೂರಿಸಿದಳು. ಇಂಚರಳ ತಟ್ಟೆಗೂ ಅಷ್ಟೇ ದಪ್ಪದ ಮುದ್ದೆ ಇಟ್ಟಳು. ಅದರ ಕೆಳಗೆ ಏನೂ ಇರಲಿಲ್ಲ.

"ಮುದ್ದೆ ಕೆಳಗದೆ. ಯಾರ್ಗೂ ಬಾಯ್ಬುಡ್ಬ್ಯಾಡ" ಎಂದು ಮಗನ ಕಿವಿಯಲ್ಲಿ ಉಸುರಿದಳು. ಅವನು ತುಟಿ ಬಿಗಿಹಿಡಿದು, ದೊಡ್ಡ ಕೆಲಸ ವಹಿಸಿಕೊಂಡವನಂತೆ ತಲೆಯಾಡಿಸಿದ.

ನಡುಮನೆಯಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟು, ಸಾರಿನ ಪಾತ್ರೆ ತರಲು ಅವಳು ಒಳಗೆ ಹೋಗಿದ್ದು ಒಂದು ಗಳಿಗೆ. ಅಷ್ಟರಲ್ಲಿ ಮಾವ ಲಿಂಗಣ್ಣ ಮೊಮ್ಮಗಳ ಕೈ ಹಿಡಿದು, "ಬಾರವ್ವ, ನನ್ ತಾವು ಕೂತ್ಕ" ಎಂದು ಪಕ್ಕಕ್ಕೆ ಎಳೆದುಕೊಂಡಿದ್ದ. ಚೈತು ಅವಳಿಗೆ ಜಾಗ ಬಿಟ್ಟು ಪಕ್ಕದ ತಟ್ಟೆಗೆ ಸರಿದಿದ್ದ. ಅಂಬಿಕ ಬಂದು ನೋಡುತ್ತಾಳೆ, ಮಗನ ತಟ್ಟೆಯ ಮುಂದೆ ಇಂಚರ ಚಕ್ಕಂಬಕ್ಕಳ ಹಾಕಿ ಕೂತಿದ್ದಾಳೆ.

"ಚೈತು, ನಿನ್ ತಟ್ಟೆ ಅದಲ್ವ..." ಎಂದಳು.

"ಎಲ್ಲ ತಟ್ಟೇನೂ ಒಂದೇ ಬುಡವ್ವ" ಎಂದ ಲಿಂಗಣ್ಣ.

ಅಂಬಿಕ ಸಾಲಾಗಿ ಸಾರು ಬಡಿಸತೊಡಗಿದಳು. ರಂಜಿತ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಂಚರ ಮುದ್ದೆ ಮುರಿದಳು. ಒಂದು ಕ್ಷಣ ತಟ್ಟೆಯನ್ನೇ ನೋಡಿದವಳು ಹಿಗ್ಗಿನಿಂದ ಕೂಗಿಕೊಂಡಳು.

"ಅಮ್ಮಾ, ನೋಡಿಲ್ಲಿ! ಅತ್ತೆ ನಂಗೆ ಮುದ್ದೆ ಕೆಳಗೆ ಲಿವರು ಬಚ್ಚಿಟ್ಟವ್ರೆ! ಅಜ್ಜಿ ಇಡ್ತಿತ್ತಲ್ಲ, ಅಂಗೇ!"

ಲಿಂಗಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಸೊಸೆಯನ್ನು ನೋಡಿದ. "ಅವಳ ಗುಣ ನಿಂಗೆ ಬಂದದೆ ಕಣವ್ವ" ಎಂದವನ ಕಣ್ಣು ತುಂಬಿತ್ತು. ತಿಮ್ಮೇಶ ಹೆಂಡತಿಯ ಕಡೆಗೆ ನೋಡಿದ ನೋಟದಲ್ಲಿ ಎಂದೂ ಇಲ್ಲದ ಹೆಮ್ಮೆ. ಅಂಬಿಕಳಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಬೈಸಿಕೊಂಡಿದ್ದರೆ ಎದುರಾಡಿ ಹಗುರಾಗಬಹುದಿತ್ತು. ಈ ಹೊಗಳಿಕೆಯನ್ನು ಎಲ್ಲಿಡುವುದು?

ಚೈತು ಇಂಚರಳ ತಟ್ಟೆ ನೋಡಿದ, ಅಮ್ಮನ ಮುಖ ನೋಡಿದ. ಅವನ ಕೆಳತುಟಿ ಅದುರಿತು. ಅಳುತ್ತಾನೆ, ಈಗ ಎಲ್ಲ ಹೇಳಿಬಿಡುತ್ತಾನೆ ಎಂದುಕೊಂಡಳು ಅಂಬಿಕ. ಅವನು ಅಳಲಿಲ್ಲ. ಬರೀ ಮುದ್ದೆಯನ್ನು ಸಾರಿಗೆ ಅದ್ದಿ ಅದ್ದಿ ನುಂಗತೊಡಗಿದ. ಇಂಚರ ತಾನಾಗಿಯೇ ಎರಡು ಚೂರು ಎತ್ತಿ, "ತಕೋ ಚೈತು, ನೀನೂ ತಿನ್ನು" ಎಂದು ಅವನ ತಟ್ಟೆಗೆ ಹಾಕಿದಳು.

ಗಂಡಸರು ಎದ್ದು ಜಗುಲಿಗೆ ಹೋದ ಮೇಲೆ ಚೈತು ಅಡುಗೆಮನೆಗೆ ಬಂದು ಅಮ್ಮನ ಕೊರಳು ಬಳಸಿ ಕಿವಿಗೆ ಬಾಯಿಟ್ಟ.

"ಅಮ್ಮ, ನಾನು ಯಾರ್ಗೂ ಹೇಳ್ಲಿಲ್ಲ. ನಾನು ಜಾಣ ಅಲ್ವಾ?"

"ಹೂಂ ಮಗ" ಎಂದಳು ಅಂಬಿಕ. ಆ ಎರಡು ಮಾತಿಗೆ ಅವಳ ನಾಲಿಗೆ ಸುಟ್ಟಂತಾಯಿತು. ಐದು ವರ್ಷದ ಕೂಸಿಗೆ ತಾನು ಹಬ್ಬದ ದಿನ ಕಲಿಸಿದ್ದು ಇದು.

ಆಮೇಲೆ ಉಳಿದದ್ದು ಹೆಂಗಸರ ಊಟ. "ಬೆಳಗಿಂದ ನಿಂತೇ ಇದ್ದೀಯ, ಕೂತ್ಕೊ ಅತ್ತಿಗೆ, ನಾನು ಬಡಿಸ್ತೀನಿ" ಎಂದು ರಂಜಿತ ಸೌಟು ಕಿತ್ತುಕೊಂಡಳು. ಇಬ್ಬರೂ ಒಲೆಯ ಪಕ್ಕದಲ್ಲಿ ಎದುರುಬದುರು ಕೂತರು. ಹಸಿವು ಸತ್ತುಹೋಗಿದ್ದರೂ ಅಂಬಿಕ ಶಾಸ್ತ್ರಕ್ಕೆಂದು ಮುದ್ದೆ ಮುರಿದಳು. ತಳದಲ್ಲಿ ತೊಡೆಯ ಮೆತ್ತನೆ ಚೂರುಗಳಿದ್ದವು. ರಂಜಿತಳ ತಟ್ಟೆಯ ಕಡೆ ನೋಡಿದಳು. ಅಲ್ಲಿ ಸಾರು, ಒಂದು ಮೂಳೆ.

"ಉಣ್ಣು ಅತ್ತಿಗೆ, ಆರೋಗ್ತದೆ" ಎಂದಳು ರಂಜಿತ, ಬೇರೆಲ್ಲೋ ನೋಡುತ್ತ.

ಅಂಬಿಕಳಿಂದ ತಡೆದುಕೊಳ್ಳಲು ಆಗಲಿಲ್ಲ. "ರಂಜಿತ, ಅದು ಇಂಚರಂಗೆ ಅಂತ ಇಟ್ಟಿದ್ದಲ್ಲ ಕಣೆ. ಚೈತುಗೆ ಇಟ್ಟಿದ್ದೆ. ಎಲ್ಲಾನೂ ಅವನಿಗೇ ಇಟ್ಟಿದ್ದೆ. ತಟ್ಟೆ ಅದಲುಬದಲಾಯ್ತು."

"ಗೊತ್ತು. ಚೈತು ಮುಖ ನೋಡ್ದಾಗ್ಲೇ ಗೊತ್ತಾಯ್ತು" ಎಂದಳು ರಂಜಿತ. ಸಾರಿನಲ್ಲಿ ಬೆರಳಾಡಿಸಿದಳು. "ಇಂಚರಂಗೆ ಮಾತ್ರ ಹೇಳ್ಬ್ಯಾಡ ಅತ್ತಿಗೆ. ಅಜ್ಜಿ ಮನೆ ಇನ್ನೂ ಅದೆ ಅನ್ಕಂಡವಳೆ ಅವಳು."

ಅಷ್ಟು ಹೇಳಿ ಅವಳು ತಲೆ ತಗ್ಗಿಸಿ ಉಣ್ಣತೊಡಗಿದಳು. ಮತ್ತೆ ಅಂಬಿಕಳ ಮುಖ ನೋಡಲಿಲ್ಲ. ಅಂಬಿಕ ತುತ್ತು ಬಾಯಿಗಿಟ್ಟುಕೊಂಡಳು. ಹುಟ್ಟಿದಾಗಿನಿಂದ ಮುದ್ದೆ ನುಂಗಿ ಬೆಳೆದವಳು ಅದನ್ನು ಅಗಿಯುತ್ತಲೇ ಕೂತಳು.