ನಡುವೆ ಬಿಟ್ಟ ಪದ

ಲಾಲಪ್ಪ ಬೆಲ್ಲ ಹಂಚುತ್ತಿದ್ದ. "ನನ್ನ ಮೊಮ್ಮಗಳ ಗಂಟ್ಲು ಒಡದೈತಿ, ಬಾಯಿ ಸಿಹಿ ಮಾಡ್ಕೊಳ್ರಿ" ಅಂತ ಹೊಳಗುಂದದ ತನ್ನ ಓಣಿಯ ಮನೆಮನೆಗೂ ಹೋಗಿ, ಕೊನೆಗೆ ಅವಳಿಗೆ ಹಾಡು ಕಲಿಸುವ ಚೇತನಳ ಮನೆಗೆ ಬಂದ. ಚೇತನ ಬೆಲ್ಲದ ತುಣುಕನ್ನು ಅಂಗೈಯಲ್ಲಿ ಹಿಡಿದೇ ನಿಂತಳು. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.

ಲಾಲಪ್ಪನ ಭಜನಾ ಮೇಳದವರ ನಂಬಿಕೆ ಹಾಗಿತ್ತು. ಹಾಡುವವರ ಗಂಟಲು ಒಂದು ಸಲ ಮಾತೇ ಹೊರಡದಷ್ಟು ಕಟ್ಟಬೇಕು. ಕಟ್ಟಿದ ಮೇಲೂ ಬಿಡದೆ ಹಾಡಿದರೆ ಒಳಗಿಂದ ಗಟ್ಟಿ ಕಂಠ ಬರುತ್ತದೆ. ಲಾಲಪ್ಪನಿಗೆ ಹಾಗೇ ಬಂದಿತ್ತು. ಅವನ ಜೊತೆ ಕಲಿತ ಉಳಿದವರಿಗೆ ಏನಾಯಿತೆಂದು ಯಾರೂ ಕೇಳುತ್ತಿರಲಿಲ್ಲ. ಅವರೆಲ್ಲ ಈಗ ತಾಳ ಹಾಕುತ್ತಿದ್ದರು.

"ತಾತ, ಸುಹಾಸಿನಿಗಿನ್ನೂ ಒಂಬತ್ತು ವರ್ಷ," ಎಂದಳು ಚೇತನ. "ಅದು ಒಡದದ್ದಲ್ಲ, ಬಾತದ್ದು. ಆಕಿನ್ನ ಸುಮ್ನಿರಿಸಬೇಕು."

"ನೀ ಬಳ್ಳಾರಿಗೆ ಹೋಗಿ ಕಲ್ತಾಕಿ. ಅಲ್ಲಿ ಮೈಕ್ ಇರ್ತಾವ, ಪಿಸುಗುಟ್ಟಿದ್ರೂ ಸಂಗೀತ ಆಗತೈತಿ," ಎಂದು ಲಾಲಪ್ಪ ನಕ್ಕ. "ನಮಗ ಓಣಿ ಕೊನೀತನಕ ಕೇಳಬೇಕವ್ವಾ. ಗುರುವಾರ ಕೊಟ್ರಬಸಪ್ಪನ ಮನ್ಯಾಗ ತೊಟ್ಲ ಐತಿ. ಪದ ಆಕೀನ ಎತ್ತಾಕಿ."

ಸುಹಾಸಿನಿ ಸಂಜೆ ಹೊತ್ತು ಚೇತನಳ ಕಟ್ಟೆಯ ಮೇಲೆ ಕೂತು ಕಲಿಯುತ್ತಿದ್ದಳು. ಬಾಯಿ ಮುಚ್ಚಿ 'ಮ್' ಅನ್ನುವುದು, ನಡುನಡುವೆ ನೀರು ಕುಡಿಯುವುದು, ಗಂಟಲಲ್ಲಿ ಚುಚ್ಚಿದರೆ ಅಲ್ಲೇ ಬಿಡುವುದು. ಫೋನಿನ ತಂಬೂರಿಯನ್ನು ಚೇತನ ಹುಡುಗಿಯ ದನಿಗೆ ಹೊಂದಿಸಿ ಇಡುತ್ತಿದ್ದಳು. ಮೇಳದ ಹಾರ್ಮೋನಿಯಂ ಪೆಟ್ಟಿಗೆ ಮಾತ್ರ ಗಂಡಸರ ಶ್ರುತಿಯದು. ಹುಡುಗಿ ಅವರಿಗಿಂತ ಒಂದು ಸ್ಥಾಯಿ ಮೇಲೆ ಹತ್ತಬೇಕು, ಚರಣ ಬಂದಾಗ ಇನ್ನೂ ಮೇಲೆ. ಹತ್ತುವಾಗ ಗದ್ದ ಎದ್ದು, ಕತ್ತಿನ ನರ ಹಗ್ಗದ ಹಾಗೆ ಬಿಗಿಯುವುದನ್ನು ಚೇತನ ಕಂಡಿದ್ದಳು. ಅದನ್ನು ಕಂಡ ದಿನದಿಂದ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಕೊಟ್ರಬಸಪ್ಪನ ಪಡಸಾಲೆ ತುಂಬಿತ್ತು. ಹತ್ತಿ ವ್ಯಾಪಾರದ ಮನೆ. ಸೊಸೆ ಅಶ್ವಿನಿಗೆ ಹಿಂದೆ ಎರಡು ಸಲ ಕೂಸು ಉಳಿದಿರಲಿಲ್ಲ; ಇದು ಮೂರನೆಯದು. ತೊಟ್ಟಿಲ ಮುಂದೆ ಎತ್ತಿದ ಪದ ಮಂಗಳ ಮುಟ್ಟುವ ತನಕ ನಿಲ್ಲಬಾರದು, ನಿಂತರೆ ಕೂಸಿಗೆ ಕೇಡು ಎಂಬುದು ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಿತ್ತು. ಹಾಡುವವನಿಗೆ ಕೆಮ್ಮು ಬಂದರೆ ಮೇಳದ ಇನ್ನೊಬ್ಬ ಗಂಡಸು ಪದ ಹಿಡಿಯುತ್ತಿದ್ದ. ಹೆಂಗಸರು ಹಿಡಿದದ್ದಿಲ್ಲ.

ಸುಹಾಸಿನಿ ಕೆನ್ನೆಯಲ್ಲಿ ಮೆಣಸಿನ ಕಾಳು ಇಟ್ಟುಕೊಂಡಿದ್ದಳು. ಚೇತನ ಅವಳನ್ನು ಬಚ್ಚಲ ಕಡೆ ಕರೆದೊಯ್ದು ಅದನ್ನು ಉಗುಳಿಸಿದಳು.

"ಚುಚ್ಚಿದ್ರ ಬಿಟ್ಟುಬಿಡು."

"ತಾತ ಹೊಡೀತಾನ." ಹುಡುಗಿಯ ದನಿ ತಗಡು ಗೀರಿದ ಹಾಗಿತ್ತು. "ಕೂಸು ಸತ್ರ ನನ್ನ ಬೈತಾರ."

"ಸಾಯಂಗಿಲ್ಲ. ನನ್ನ ಕಡೆ ನೋಡು, ನಾ ಹಿಡೀತೀನಿ."

"ಖರೇನಾ?"

"ಖರೇನ."

ಪದ ಎದ್ದಿತು. ಮೊದಲ ಸಾಲುಗಳು ಹೇಗೋ ದಾಟಿದವು. ದನಿಯಲ್ಲಿ ಗಾಳಿಯೇ ಹೆಚ್ಚಿತ್ತು. ಪೆಟ್ಟಿಗೆಯ ಹಿಂದೆ ಕೂತ ಲಾಲಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. "ಕೇಳ್ರಿ, ಒಡದ ಕಂಠ ಅಂದ್ರ ಇದು," ಎಂದು ತಾಳದ ಹನುಮಣ್ಣ ಪಕ್ಕದವನಿಗೆ ಹೇಳಿದ. ಚರಣ ಬಂತು. ಹುಡುಗಿಯ ಗದ್ದ ಮೇಲೆದ್ದಿತು. ಅವಳು ಚೇತನಳ ಕಡೆ ನೋಡಿದಳು.

ಚೇತನ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅಶ್ವಿನಿ ಸೆರಗನ್ನು ಹಲ್ಲಲ್ಲಿ ಕಚ್ಚಿ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ನಾಳೆ ಈ ಕೂಸಿಗೆ ಜ್ವರ ಬಂದರೆ, ಹೆಂಗಸು ಪದ ಹಿಡಿದದ್ದಕ್ಕೇ ಎಂದು ಇಡೀ ಊರು ಚೇತನಳ ಹೆಸರೇ ಹೇಳುತ್ತದೆ. ಅವಳ ಕಣ್ಣು ತಾನಾಗಿ ನೆಲಕ್ಕೆ ಇಳಿಯಿತು.

ಹುಡುಗಿ ಇನ್ನೊಂದು ಸಾಲು ಎತ್ತಿದಳು. ಅದು ಮೇಲಕ್ಕೆ ಹೋಗುತ್ತಿದ್ದಾಗಲೇ ಕತ್ತರಿಸಿಹೋಯಿತು. ಬಾಯಿ ತೆರೆದೇ ಇತ್ತು, ಉಸಿರಷ್ಟೇ ಬಂತು. ಪೆಟ್ಟಿಗೆ ಬರಿದೇ ನುಡಿಯಿತು. ಕಣ್ಣು ಮುಚ್ಚಿದ್ದ ಲಾಲಪ್ಪನ ಸನ್ನೆಗೆ ಮೇಳದ ಗಂಡಸರು ಕಾದರು.

"ಅಯ್ಯೋ ಶಿವನೇ, ನಿಂತುಬಿಡ್ತಲ್ಲೇ," ಎಂದಳು ಮನೆಯೊಡತಿ ಲಿಂಗಕ್ಕ.

ಆಗ ಚೇತನ ಹಾಡಿದಳು. ಪೆಟ್ಟಿಗೆಗೆ ಹೊಂದದ ಶ್ರುತಿಯಲ್ಲಿ, ತುಂಬ ಕೆಳಗೆ, ನಡುಗುವ ದನಿಯಲ್ಲಿ. ಲಾಲಪ್ಪ ಕಣ್ಣು ಬಿಟ್ಟು ದುರುಗುಟ್ಟಿದ; ಬೆರಳು ತಡವರಿಸಿ ನಿಂತವು. ತಾಳವೂ ನಿಂತಿತು. ಬರೀ ದನಿ ಉಳಿಯಿತು. ಸ್ವಲ್ಪ ಹೊತ್ತಿಗೆ ಅಶ್ವಿನಿ ಹಗ್ಗ ಬಿಡದೆಯೇ ಸೇರಿಕೊಂಡಳು. ಅವಳಿಗೆ ಶ್ರುತಿ ಬೇಕಿರಲಿಲ್ಲ, ಪದ ಮುಗಿಯುವುದು ಬೇಕಿತ್ತು. ಮಂಗಳ ಮುಟ್ಟಿತು.

ಸುಹಾಸಿನಿ ಲಂಗದ ತುದಿಗೆ ಉಗುಳಿದಳು. ಉಗುಳಿನಲ್ಲಿ ಕೆಂಪು ಎಳೆಯಿತ್ತು. ಲಾಲಪ್ಪ ಅದನ್ನು ನೋಡಿದ. ಈ ಸಲ ಬೆಲ್ಲದ ಮಾತಾಡಲಿಲ್ಲ.

ಮಾರನೆಯ ದಿನ ಅವರು ಮೂವರೂ ಬಸ್ಸು ಹತ್ತಿ ಆದೋನಿಗೆ ಹೋದರು. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಹುಡುಗಿ ಅತ್ತರೂ ದನಿ ಬರಲಿಲ್ಲ. ಚೇತನಳಿಗೆ ಅದನ್ನು ನೋಡುತ್ತ ಕೂರುವುದು ಎಲ್ಲಕ್ಕಿಂತ ಕಷ್ಟವಾಯಿತು. ಗಂಟಲಿನ ಧ್ವನಿತಂತುವಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು.

"ಮಾಟ್ಲಾಡಕೂಡದು. ಗುಸಗುಸ ಕೂಡಾ ವದ್ದು," ಎಂದರು ಡಾಕ್ಟರು ತೆಲುಗಿನಲ್ಲಿ. ಮಾತಾಡಬಾರದು, ಪಿಸುಮಾತೂ ಬೇಡ.

"ಕಂಠಂ ವಸ್ತುಂದಾ ಸಾರ್?" ಎಂದ ಲಾಲಪ್ಪ, ದನಿ ಮರಳಿ ಬರುತ್ತದೆಯೇ ಎಂದು.

"ಚೂದ್ದಾಂ."

ನೋಡೋಣ ಎಂಬ ಆ ಒಂದು ಮಾತನ್ನು ಲಾಲಪ್ಪ ಹೊಳಗುಂದದ ತನಕ ಬಸ್ಸಿನಲ್ಲಿ ತನ್ನೊಳಗೇ ಹೇಳಿಕೊಳ್ಳುತ್ತ ಬಂದ. ಚೇತನ ಕಿಟಕಿಯ ಹೊರಗಿನ ಹತ್ತಿ ಹೊಲ ನೋಡುತ್ತಿದ್ದಳು. ತಾನು ಒಂದು ಸಾಲು ಮೊದಲೇ ಹಿಡಿದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವಳು ಅವನಿಗೆ ಹೇಳಲಿಲ್ಲ. ಹುಡುಗಿಗೆ ಹೇಳುವ ಅಗತ್ಯವೇ ಇರಲಿಲ್ಲ, ಅವಳು ನೋಡಿದ್ದಳು.

ಮೆಲ್ಲಗೆ ಮಾತಾಡಬಹುದು, ಬೇಕಾದರೆ 'ಮ್' ಅನ್ನಿಸಿ ನೋಡಿ ಎಂದು ಡಾಕ್ಟರು ಅನುಮತಿ ಕೊಟ್ಟಾಗ ಶೇಂಗಾ ಬಳ್ಳಿ ಕೀಳುವ ಕಾಲ ಬಂದಿತ್ತು. ಸುಹಾಸಿನಿ ಕಟ್ಟೆಗೆ ಬಂದಳು. ಹಿಂದೆಯೇ ಲಾಲಪ್ಪ ಪೆಟ್ಟಿಗೆ ಹೊತ್ತು ಬಂದು, ಯಾರೂ ಹೇಳದಿದ್ದರೂ ಕಟ್ಟೆಯ ಮೂಲೆಯಲ್ಲಿ ಕೂತ.

"ಯಾವ ಮನಿ ಒತ್ಲಿ?" ಎಂದು ಪೆಟ್ಟಿಗೆಯ ಸ್ವರದ ಮನೆಗಳ ಮೇಲೆ ಬೆರಳಾಡಿಸಿ ಕೇಳಿದ.

"ಆಕಿ ಎಲ್ಲಿ ನಿಲ್ತಾಳೋ ಅದನ್ನ ಹುಡುಕಿ ಒತ್ತು ತಾತ. ಮೊದ್ಲು ಒತ್ತಬ್ಯಾಡ."

ಸುಹಾಸಿನಿ ಚೇತನಳನ್ನೇ ದಿಟ್ಟಿಸಿದಳು. "ನೀ ಹಿಡೀತೀನಿ ಅಂದಿದ್ದಿ," ಎಂದಳು. "ನಾ ನೋಡ್ದಾಗ ನೀ ಕೆಳಗ ನೋಡ್ದಿ."

"ಹೌದು. ಅಂಜಿದ್ದೆ."

"ಈಗ?"

"ಈಗೂ ಅಂಜಿಕಿ ಐತಿ. ಅದಕ್ಕ ನನ್ನ ನೋಡಬ್ಯಾಡ. ನಿನ್ನ ಗಂಟ್ಲ ನಿನಗ ಗೊತ್ತಾಗತೈತಿ. ಚುಚ್ಚಿದ್ರ ನಿಲ್ಸು, ತಾತ ಇರ್ಲಿ, ಕೂಸು ಇರ್ಲಿ."

ಹುಡುಗಿ ತುಟಿ ಮುಚ್ಚಿದಳು. ಮೊದಲು ಏನೂ ಬರಲಿಲ್ಲ. ಆಮೇಲೆ ಬಂತು, ಮೊದಲಿನಷ್ಟು ತೆಳುವಲ್ಲ, ಸ್ವಲ್ಪ ಒರಟು, ಕೆಳಗೆ. ಲಾಲಪ್ಪ ಮನೆಯಿಂದ ಮನೆಗೆ ಬೆರಳು ಸರಿಸಿ, ತಪ್ಪಿ, ಕೊನೆಗೆ ಒಂದನ್ನು ಹಿಡಿದ. ದನಿ ಒಂದೊಂದೇ ಮೆಟ್ಟಿಲು ಏರಿತು. ಅವನ ಕೈ ಹಳೆಯ ರೂಢಿಯಲ್ಲಿ ತಾನಾಗಿ ಇನ್ನೂ ಮೇಲಕ್ಕೆ ಓಡಿತು.

ಸುಹಾಸಿನಿ ನಡುವೆಯೇ ನಿಲ್ಲಿಸಿದಳು.

"ಇಲ್ಲಿ ತನಕ ಅಷ್ಟ ತಾತ," ಎಂದು ಲೋಟ ಎತ್ತಿ ನೀರು ಕುಡಿದಳು.

ಲಾಲಪ್ಪನ ಬೆರಳು ಮೇಲಿನ ಮನೆಯ ಮೇಲೇ ಉಳಿಯಿತು. ಚೇತನ ಕಾದಳು. ಅವನು ಪೆಟ್ಟಿಗೆಗೆ ಗಾಳಿ ಹಾಕುವುದನ್ನು ಬಿಟ್ಟ, ಅದೂ ನಿಂತಿತು.