ಓದಿಸಿ ಕೇಳಿ

ಅಣ್ಣ ಆಗಲೇ ತಂಗಿಯ ಹೆಬ್ಬೆರಳು ಹಿಡಿದು ಶಾಯಿ ಪ್ಯಾಡಿನ ಕಡೆಗೆ ಎಳೆಯುತ್ತಿದ್ದ. ಟೀಚರ್ ನಡುವೆ ತಮ್ಮ ಕೈ ಇಟ್ಟರು. ಪತ್ರದ ಕೊನೆಯ ಸಾಲನ್ನು ಒಮ್ಮೆ ಓದಿ ಎಂದು ಪತ್ರಬರಹಗಾರನಿಗೆ ಹೇಳಿದರು.

ಅವನು ಕನ್ನಡಕ ಮೂಗಿಗೇರಿಸಿ, "ಓದಿಸಿ ಕೇಳಿ, ಚೆನ್ನಾಗಿ ತಿಳಿದು, ಒಪ್ಪಿ ಹಾಕಿದ ಹೆಬ್ಬೆಟ್ಟಿನ ಗುರುತು," ಎಂದು ರಾಗವಾಗಿ ಓದಿದ. ಮೂವತ್ತು ವರ್ಷದಿಂದ ಎಲ್ಲ ಪತ್ರಗಳ ಬಾಲಕ್ಕೂ ಅವನು ಕಟ್ಟುತ್ತ ಬಂದ ಸಾಲು ಅದು. ಅದಕ್ಕೊಂದು ಅರ್ಥವೂ ಇದೆಯೆಂದು ಆ ಮಹಾಶಯನಿಗೆ ಇದುವರೆಗೆ ಹೊಳೆದಿರಲಿಲ್ಲ.

"ಓದಿಸೇ ಇಲ್ವಲ್ಲ," ಎಂದರು ಟೀಚರ್.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಕಣ್ಣೂ ಕಾಣದ ಕಿವಿಯೂ ಕೇಳದ ಇದಕ್ಕೆ ಪತ್ರ ಓದಿಸಬೇಕಂತೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಎಂದು ಗಂಡನ ಮುಖ ನೋಡಿದಳು. ಗಂಡನೂ ನಕ್ಕ. ಹೆಂಡತಿ ನಕ್ಕಾಗ ನಗುವುದೊಂದೇ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

ಅದು, ಅವಳು ಇದ್ದು ಕಲಿತ ವಸತಿ ಶಾಲೆಯಲ್ಲಿ, ಹೊರಗಿನವರನ್ನು ಕೂರಿಸುವ ಕೋಣೆ. ಎರಡು ಬೆಂಚು, ಒಂದು ಮೇಜು, ಕುಂಟುತ್ತ ತಿರುಗುವ ಫ್ಯಾನು. ಹದಿನೆಂಟು ವರ್ಷದಲ್ಲಿ ಅಣ್ಣ ಈ ಕೋಣೆಗೆ ಬಂದದ್ದು ಮೂರು ಸಲ. ಮೊದಲು, ಎಂಟು ವರ್ಷದ ತಂಗಿಯನ್ನು ಸೇರಿಸಲು ಅಪ್ಪನ ಹಿಂದೆ ಟ್ರಂಕು ಹೊತ್ತುಕೊಂಡು. ಆಮೇಲೆ ಹೋದ ವರ್ಷ, ಅಪ್ಪ ಸತ್ತ ಸುದ್ದಿ ಹೇಳಲು. ಮೂರನೆಯ ಸಲ ಇವತ್ತು, ಪ್ರೀತಿ ಉಕ್ಕಿ ಬಂದು. ಅಪ್ಪ ಮನೆಯ ಬೀದಿ ಕಡೆಯ ಕೋಣೆಯನ್ನು ಅವಳ ಹೆಸರಿಗೆ ಬರೆದಿಟ್ಟಿದ್ದ. ಆ ಕೋಣೆಯ ಗೋಡೆ ಒಡೆದು ಶಟರ್ ಹಾಕಿಸಿದರೆ ಅಂಗಡಿಯಾಗುತ್ತದೆ ಎಂಬುದು ಅಪ್ಪ ಸತ್ತ ಹನ್ನೆರಡನೆಯ ದಿನಕ್ಕೇ ಅಣ್ಣನಿಗೆ ಹೊಳೆದಿತ್ತು. ಅದನ್ನು ಅವಳು ಅಣ್ಣನಿಗೆ ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರವೇ ಈಗ ಮೇಜಿನ ಮೇಲಿದ್ದದ್ದು.

ಅವಳಿಗೂ ಆ ಕೋಣೆ ಬೇಕಿತ್ತು. ತನ್ನಂತೆಯೇ ಕಾಣದ, ಕೇಳದ ಇಬ್ಬರು ಮಕ್ಕಳನ್ನು ಬರುವ ತಿಂಗಳಿಂದ ಅಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸುವುದೆಂದು ನಿರ್ಧಾರವಾಗಿತ್ತು. ಟೀಚರಿಗೆ ಈ ತಿಂಗಳು ನಿವೃತ್ತಿ. ಅವರೂ ಜೊತೆಗೆ ಬರುವವರಿದ್ದರು. ಇದನ್ನೆಲ್ಲ ಅವಳು ವಿವರವಾಗಿ ಬರೆದ ಕಾಗದ ಅಣ್ಣನಿಗೆ ತಲುಪಿತ್ತು. ಬರೆದದ್ದು ಟೀಚರೇ ಇರಬೇಕೆಂದುಕೊಂಡು ಅವನು ಅದನ್ನು ಪೂರ್ತಿ ಓದುವ ಗೋಜಿಗೇ ಹೋಗಿರಲಿಲ್ಲ.

ತೊಟ್ಟಿಲಲ್ಲಿರುವ ಕೂಸನ್ನು 'ಅದು' ಎನ್ನುವುದು ವಾಡಿಕೆ. ಕೂಸು ಬೆಳೆದಂತೆ 'ಅದು' ಹೋಗಿ 'ಅವಳು' ಬರುತ್ತದೆ. ಆ ಮನೆಯಲ್ಲಿ ಇವಳ ಪಾಲಿಗೆ ಬರಲೇ ಇಲ್ಲ. ಎರಡು ವರ್ಷದವಳಿದ್ದಾಗ ಜ್ವರ ಬಂದು ಕಣ್ಣು ಕಿವಿ ಎರಡನ್ನೂ ಕೊಂಡೊಯ್ದ ಮೇಲೆ, ಅದು ಉಂಡಿತಾ, ಅದು ಮಲಗಿತಾ ಎಂದೇ ಎಲ್ಲರ ಮಾತು. ಮುದ್ದಿಗೆ ಮೂಟೆ ಎಂದೂ ಕರೆಯುತ್ತಿದ್ದರು. ಅವರ ನಾಯಿಯನ್ನು ಮಾತ್ರ 'ಅವನು' ಎನ್ನುತ್ತಿದ್ದರು.

ಟೀಚರ್ ಮೊದಲು ಕಂಡಾಗ ಆ ಮೂಟೆ ಕಚ್ಚುತ್ತಿತ್ತು. ಮನೆಯವರು ಹಿಂದಿನಿಂದ ತಲೆ ಹಿಡಿದು ಬಾಯಿಗೆ ತುರುಕುತ್ತಿದ್ದರಂತೆ. ಬೇಡವೆನ್ನಲು ಹುಡುಗಿಗೆ ಹಲ್ಲು ಬಿಟ್ಟರೆ ಬೇರೆ ಭಾಷೆ ಇರಲಿಲ್ಲ. ಟೀಚರ್ ಚಮಚ ತುಟಿಗೆ ತಂದರು. ಮುಖ ಆ ಕಡೆ ತಿರುಗಿತು. ಅಂಗೈ ಬಿಡಿಸಿ ಬೆರಳಿನಿಂದ 'ಬೇಡ' ಎಂದು ಬರೆದು ಚಮಚವನ್ನು ಹಿಂದಕ್ಕೆ ಒಯ್ದರು. ದಿನಕ್ಕೆ ಮೂರು ಹೊತ್ತು, ಹನ್ನೊಂದು ದಿನ. ಟೀಚರ ಮುಂಗೈಯಲ್ಲಿ ಈಗಲೂ ಆ ಹಲ್ಲಿನ ಗುರುತಿದೆ. ಹನ್ನೆರಡನೆಯ ದಿನ ಹುಡುಗಿ ತಾನೇ ಟೀಚರ ಅಂಗೈ ಹಿಡಿದು ಸೊಟ್ಟಸೊಟ್ಟಗೆ 'ಬೇಡ' ಎಂದು ಬರೆದಳು. ಚಮಚ ದೂರ ಹೋಯಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅವತ್ತೆಲ್ಲ ಹಸಿದುಕೊಂಡೇ ಬಂದದ್ದನ್ನೆಲ್ಲ ಬೇಡವೆಂದಳು. ಮೊದಲ ಮಾತೇ ಅಪಶಕುನದ್ದು ಕಲಿಸಿದಿರಲ್ಲ, 'ಕೊಡಿ' ಅಂತಲೋ 'ನಮಸ್ಕಾರ' ಅಂತಲೋ ಕಲಿಸಬಾರದಿತ್ತೇ ಎಂದು ಬಂಧುಗಳು ಬಹಳ ನೊಂದುಕೊಂಡರು. ನೊಂದುಕೊಳ್ಳುವುದಕ್ಕೆ ಖರ್ಚಿಲ್ಲವಲ್ಲ.

ಈಗ ಟೀಚರ್ ಪತ್ರವನ್ನು ಮೇಜಿನ ಮೇಲೆ ಹರಡಿಕೊಂಡು ಅವಳ ಎಡ ಅಂಗೈಯಲ್ಲಿ ಬರೆಯತೊಡಗಿದರು. ಅಕ್ಷರ ಅಂಗೈ ನಡುವೆ, ಒತ್ತು ಮಣಿಕಟ್ಟಿನ ಹತ್ತಿರ, ವಾಕ್ಯ ಮುಗಿದರೆ ಉಗುರಿನಿಂದ ಒಂದು ಚುಕ್ಕೆ. ತಿಳಿದರೆ ಅವಳು ಎರಡು ಸಲ ತಟ್ಟುತ್ತಾಳೆ. ಎರಡು ತಟ್ಟು ಎಂದರೆ 'ಮುಂದೆ'.

ನಾಲ್ಕು ಪುಟದ ಪತ್ರ. ಅಣ್ಣ ಗಡಿಯಾರ ನೋಡಿದ. ಅತ್ತಿಗೆ ಆಕಳಿಸಿದಳು. ಎಲ್ಲ ನಾಟಕ, ಗಿಣಿಗೆ ನಾಲ್ಕು ಮಾತು ಕಲಿಸಿದ ಹಾಗೆ ಅನ್ನ ನೀರು ಅಂತ ಕಲಿಸಿದ್ದಾರೆ, ಅಷ್ಟೆ, ಎಂದು ಇಬ್ಬರೂ ಗಟ್ಟಿಯಾಗಿಯೇ ಒಮ್ಮತಕ್ಕೆ ಬಂದರು. ಆಮೇಲೆ ಮನೆಯ ಜಗಲಿಯಲ್ಲಿ ಕೂತವರಂತೆ ಮಾತಿಗಿಳಿದರು. ಅವರಿಗೆ ಗೊತ್ತಿಲ್ಲದ್ದು ಒಂದೇ. ಟೀಚರದು ಒಂದು ಕಟ್ಟಳೆಯಿತ್ತು: ಕೋಣೆಯಲ್ಲಿ ಆಡಿದ ಮಾತಿನಲ್ಲಿ ಅವಳಿಗೂ ಪಾಲಿದೆ. ಒಂದಕ್ಷರವನ್ನೂ ನುಂಗುವಂತಿಲ್ಲ. ಪತ್ರದ ಸಾಲುಗಳ ನಡುವೆ ಅಣ್ಣನ ಮಾತು ಬಂದರೆ ಅವಳ ಕಿರುಬೆರಳು ಮುಟ್ಟಿ ಬರೆಯುತ್ತಿದ್ದರು, ಅತ್ತಿಗೆಯದಾದರೆ ಉಂಗುರದ ಬೆರಳು.

ಕಿರುಬೆರಳು: ಅದಕ್ಕೆ ಕೋಣೆ ಯಾಕೆ, ಗೋಡೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ತಟ್ಟು, ತಟ್ಟು.

ಉಂಗುರದ ಬೆರಳು: ಮಾವನಿಗೆ ಕೊನೆಗಾಲದಲ್ಲಿ ಬುದ್ಧಿ ಸರಿ ಇರಲಿಲ್ಲ, ಮೂಟೆಗೆ ಯಾರಾದ್ರೂ ಮನೆ ಬರೀತಾರಾ. ತಟ್ಟು, ತಟ್ಟು.

ಎರಡನೆಯ ಪುಟದಲ್ಲಿ, 'ನನ್ನ ಅಣ್ಣನು ನನ್ನನ್ನು ಚಿಕ್ಕಂದಿನಿಂದಲೂ ಕಣ್ಣಿನ ರೆಪ್ಪೆಯಂತೆ ಕಾಪಾಡಿಕೊಂಡು ಬಂದಿರುವ ಕಾರಣ' ಎಂಬ ಸಾಲು ಬಂತು. ಅವಳು ತಟ್ಟಲಿಲ್ಲ. ಮತ್ತೊಮ್ಮೆ ಬರೆಯಿರಿ ಎಂದು ಟೀಚರ ಅಂಗೈಯಲ್ಲಿ ಗೀಚಿದಳು. ಟೀಚರ್ ಬರೆದರು. ಅವಳು ಬಾಯ್ತುಂಬ ನಕ್ಕಳು. ಮನೆಗೆ ಯಾರಾದರೂ ಬಂದರೆ ಈ ರೆಪ್ಪೆ ಅವಳನ್ನು ಹಿತ್ತಲ ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿ ಹೋಗುತ್ತಿತ್ತು. ಗಂಟಿನ ಗುರುತು ಬೆರಳುಗಳಿಗೆ ಚೆನ್ನಾಗಿ ನೆನಪಿರುತ್ತದೆ. ಆ ನಗುವಿನ ಸದ್ದಿಗೆ ಅತ್ತಿಗೆ ಬೆಂಚಿನಲ್ಲಿ ಹಿಂದಕ್ಕೆ ಸರಿದು, ಪಾಪ, ಅದಕ್ಕೆ ಏನೋ ಆಗ್ತಿದೆ ಎಂದಳು. ಅದನ್ನೂ ಟೀಚರ್ ಬರೆದರು.

ಮೂರನೆಯ ಪುಟಕ್ಕೆ ಬಂದಾಗ ಅತ್ತಿಗೆ ಮತ್ತೆ ಏನೋ ಹೇಳಿದಳು. ಟೀಚರ ಬೆರಳು ಉಂಗುರದ ಬೆರಳನ್ನು ಮುಟ್ಟಿತು. ಅಲ್ಲೇ ನಿಂತಿತು. ಆಮೇಲೆ ಪತ್ರದ ಮುಂದಿನ ಸಾಲಿಗೆ ಹೋಯಿತು.

ಎರಡೂವರೆ ಗಂಟೆಯ ನಂತರ ಕೊನೆಯ ಚುಕ್ಕೆ ಬಿತ್ತು. ಅವಳು ಕೈ ಚಾಚಿ ಪೆನ್ನು ಕೇಳಿದಳು.

ಅಣ್ಣ ಗೆಲುವಾದ. ಸಹಿ ಹಾಕೋಕೂ ಬರುತ್ತಾ, ಭೇಷ್, ಹೆಬ್ಬೆಟ್ಟಿಗಿಂತ ಅದೇ ಗಟ್ಟಿ ಎಂದ. ಪೆನ್ನನ್ನು ತಾನೇ ಮುಚ್ಚಳ ತೆಗೆದು ಕೊಟ್ಟ. ಟೀಚರ್ ಹೆಬ್ಬೆಟ್ಟಿನ ಚೌಕದ ಕೆಳಗೆ ಒಂದು ಅಳತೆಪಟ್ಟಿ ಇಟ್ಟು ಅವಳ ಕೈಯನ್ನು ಅಲ್ಲಿಗೆ ಮುಟ್ಟಿಸಿ ಬಿಟ್ಟುಬಿಟ್ಟರು. ಅವಳು ಪಟ್ಟಿಯಂಚಿಗೆ ತಾಗಿಸಿ ದಪ್ಪ ಅಕ್ಷರಗಳಲ್ಲಿ ಬರೆದಳು. ಸಹಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು.

ಪತ್ರಬರಹಗಾರ ಕಾಗದ ತಿರುಗಿಸಿಕೊಂಡು, ಅಭ್ಯಾಸಬಲದಿಂದ ರಾಗವಾಗಿಯೇ ಓದಿದ:

"ಅದು ಓದಿಸಿ ಕೇಳಿದೆ. ಚೆನ್ನಾಗಿ ತಿಳಿದಿದೆ. ಅದಕ್ಕೆ ಬೇಡ."

ರಾಗ ಅಲ್ಲೇ ಕಡಿಯಿತು. ಅತ್ತಿಗೆ ತಾನು ಮಧ್ಯಾಹ್ನದಿಂದ ಏನೇನು ಆಡಿದ್ದೆನೆಂದು ಲೆಕ್ಕ ಹಾಕುತ್ತಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಣ್ಣ ಟೀಚರ ಕಡೆ ಬೆರಳು ತೋರಿಸಿ, ಇವರೇ ಹೇಳಿಕೊಟ್ಟಿದ್ದು, ಬೇರೆ ಕಾಗದ ತೆಗೀರಿ, ಹೆಬ್ಬೆಟ್ಟು ನಾನು ಒತ್ತಿಸ್ತೀನಿ ಎಂದ. ಪತ್ರಬರಹಗಾರ ಪ್ಯಾಡಿನ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿಕೊಂಡ.

"ಆಗಲ್ಲ ಸ್ವಾಮಿ. ಬರೆಯೋಕೆ ಬರೋರ ಹೆಬ್ಬೆಟ್ಟು ಒತ್ತಿಸಿದ್ರೆ ನನ್ನ ಅನ್ನ ಹೋಗುತ್ತೆ."

ಅಂಜಿಕೆಯಿಂದಲಾದರೂ ಅವನು ತನ್ನ ಸಾಲಿಗೆ ಅವತ್ತೊಂದು ದಿನ ನಿಯತ್ತಾಗಿದ್ದ. ಗಂಡ ಹೆಂಡತಿ ಎದ್ದು ಹೊರಟರು. ಬಾಗಿಲ ತನಕ ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಹೋದಳು. ಆ ಬುದ್ಧಿ ಎರಡೂವರೆ ಗಂಟೆ ತಡವಾಗಿ ಬಂದಿತ್ತು.

ಕೋಣೆಯಲ್ಲಿ ಫ್ಯಾನೊಂದು ಉಳಿಯಿತು, ಮತ್ತೆ ಇವರಿಬ್ಬರು. ಟೀಚರ್ ಸೋತ ಬೆರಳನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದರು. ಅವಳು ಅವರ ಕೈ ಎಳೆದುಕೊಂಡು ಬರೆದಳು: ಮೂರನೇ ಪುಟದಲ್ಲಿ ಉಂಗುರದ ಬೆರಳು ಮುಟ್ಟಿ ಸುಮ್ಮನಾದಿರಿ. ಏನು?

ಏನಿಲ್ಲ, ಬೆರಳು ನೋಯುತ್ತಿತ್ತು ಎಂದು ಟೀಚರ್ ಬರೆದರು. ಅವಳು ತಟ್ಟಲಿಲ್ಲ. ಅಂಗೈ ಬಿಡಿಸಿಟ್ಟುಕೊಂಡೇ ಕೂತಳು. ಕೊನೆಗೆ ಟೀಚರ್ ಉಂಗುರದ ಬೆರಳು ಮುಟ್ಟಿ, ನಿಧಾನವಾಗಿ, ಒಂದಕ್ಷರವನ್ನೂ ನುಂಗದೆ ಬರೆದರು: ಟೀಚರಮ್ಮ ಇನ್ನೆಷ್ಟು ದಿನ ಇರ್ತಾರೆ. ಅವರು ಕಣ್ಣು ಮುಚ್ಚಿದ ದಿನ ಇದು ಮತ್ತೆ ಮೂಟೆ.

ಉಗುರಿನಿಂದ ಚುಕ್ಕೆ ಒತ್ತಿದರು. ಅವಳ ಅಂಗೈ ಮುಚ್ಚಲಿಲ್ಲ. ಅವಳ ಬಲಗೈ ಬಂದು ಟೀಚರ ಮುಂಗೈಯ ಮೇಲೆ, ಆ ಹಳೆಯ ಹಲ್ಲಿನ ಗುರುತಿನ ಹತ್ತಿರ, ಎರಡು ಸಲ ತಟ್ಟಿತು.